ಕದನ ನಿಂತರೂ ನಿಲ್ಲದ ತುರ್ತು ಪರಿಸ್ಥಿತಿ

1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರು ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಮಡಿದರು. ಜನರಲ್ ಕಾರ್ಯಪ್ಪನವರ ಪುತ್ರ ಕೆ.ಸಿ. ಕಾರ್ಯಪ್ಪನವರು ಪಾಕಿಸ್ತಾನದ ಸೆರೆಯಾದರು. ಆದರೂ ಆ ಯುದ್ಧಕ್ಕೆಂದು ರಾಷ್ಟ್ರಪತಿಗಳು ಹೊಸ ತುರ್ತು ಪರಿಸ್ಥಿತಿಯನ್ನು ಘೋಷಿಸಲಿಲ್ಲ. ಚೀನಾ ಆಕ್ರಮಣದ ಕಾರಣಕ್ಕೆ 1962ರ ಅಕ್ಟೋಬರ್ 26ರಂದು ಹೊರಡಿಸಿದ್ದ ಘೋಷಣೆಯೇ, ಆ ಗಡಿಯಲ್ಲಿ ಕದನವಿರಾಮವಾಗಿ ಮೂರು ವರ್ಷ ಸಮೀಪಿಸುತ್ತಿದ್ದರೂ, ಜಾರಿಯಲ್ಲಿತ್ತು. ಅದು ರದ್ದಾದದ್ದು 1968ರ ಜನವರಿಯಲ್ಲಿ.

ಇಂಥ ಘೋಷಣೆಗೆ ಆಧಾರ ಸಂವಿಧಾನದ 352ನೇ ವಿಧಿ. ಯುದ್ಧ, ಬಾಹ್ಯ ಆಕ್ರಮಣ ಅಥವಾ ಆಂತರಿಕ ಕ್ಷೋಭೆಯಿಂದ ದೇಶದ ಭದ್ರತೆಗೆ ಅಪಾಯವಿದೆಯೆಂದು ರಾಷ್ಟ್ರಪತಿಗಳಿಗೆ ಮನವರಿಕೆಯಾದರೆ ಘೋಷಣೆ ಹೊರಡಿಸಬಹುದೆಂದು ಅದರ ಮೂಲ ಪಾಠ ಹೇಳುತ್ತಿತ್ತು. ಎರಡು ತಿಂಗಳೊಳಗೆ ಸಂಸತ್ತು ಒಮ್ಮೆ ಒಪ್ಪಿದರೆ ಸಾಕು, ಮುಂದೆ ಸರ್ಕಾರ ತಾನಾಗಿ ಹಿಂತೆಗೆದುಕೊಳ್ಳುವವರೆಗೆ ಅದಕ್ಕೆ ಕಾಲಮಿತಿಯೇ ಇರಲಿಲ್ಲ. ಘೋಷಣೆಯಾದೊಡನೆ 358ನೇ ವಿಧಿಯಂತೆ ವಾಕ್ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯ ಮೊದಲಾದವು ತಾವಾಗಿ ಅಮಾನತಾಗುತ್ತಿದ್ದವು. 359ನೇ ವಿಧಿಯ ಪ್ರಕಾರ ಪ್ರತ್ಯೇಕ ಆದೇಶ ಹೊರಡಿಸಿ, ಉಳಿದ ಮೂಲಭೂತ ಹಕ್ಕುಗಳಿಗಾಗಿ ನ್ಯಾಯಾಲಯದ ಮೆಟ್ಟಿಲೇರುವ ದಾರಿಯನ್ನೂ ಮುಚ್ಚಬಹುದಾಗಿತ್ತು. 1975ರ ಕರಾಳ ದಿನಗಳ ಬಗ್ಗೆ ನಡೆದಷ್ಟು ಚರ್ಚೆ ಅದಕ್ಕಿಂತ ದೀರ್ಘವಾಗಿದ್ದ 1962ರ ತುರ್ತು ಪರಿಸ್ಥಿತಿಯ ಬಗ್ಗೆ ನಡೆದಿಲ್ಲವೆಂಬುದು ವಿಷಾದಕರ, ಏಕೆಂದರೆ ಅಂಕುಶವಿಲ್ಲದ ಅಧಿಕಾರಕ್ಕೆ ದೇಶ ಒಗ್ಗಿಕೊಂಡದ್ದು ಆಗಲೇ.

1971ರ ಡಿಸೆಂಬರ್ 3ರಂದು ಪಾಕಿಸ್ತಾನದೊಡನೆ ಮತ್ತೆ ಯುದ್ಧವಾದಾಗ ಎರಡನೆಯ ಘೋಷಣೆ ಬಂತು. ಅದು ಜಾರಿಯಲ್ಲಿದ್ದಾಗಲೇ, 1975ರ ಜೂನ್ 25ರ ರಾತ್ರಿ, ಪ್ರಧಾನಿ ಇಂದಿರಾ ಗಾಂಧಿಯವರ ಸಲಹೆಯ ಮೇರೆಗೆ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ಆಂತರಿಕ ಕ್ಷೋಭೆಯ ಹೆಸರಿನಲ್ಲಿ ಮೂರನೆಯದಕ್ಕೆ ಸಹಿ ಹಾಕಿದರು. ಸಚಿವ ಸಂಪುಟಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ. ಸಂಸದೀಯ ಸಮಿತಿಯ ಸಭೆಗೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಮೊದಲಾದವರನ್ನು ಅಲ್ಲಿಯೇ ಬಂಧಿಸಲಾಯಿತು. ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಅವಕಾಶವಿದ್ದ ಆಂತರಿಕ ಭದ್ರತಾ ಕಾಯ್ದೆ, ಅಂದರೆ ಮೀಸಾ, ಬಂಧನಗಳಿಗೆ ಅಸ್ತ್ರವಾಯಿತು. ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ವಿಚಾರಿಸಬಹುದೆಂದು ಕರ್ನಾಟಕವೂ ಸೇರಿ ಹಲವು ಉಚ್ಚ ನ್ಯಾಯಾಲಯಗಳು ಹೇಳಿದವು. ಅಧಿಕಾರಸ್ಥರ ಅಸಮಾಧಾನಕ್ಕೆ ಹೆದರದೆ ಹಾಗೆ ಹೇಳುವುದು ಆ ಕಾಲದಲ್ಲಿ ಅಪರೂಪದ ಧೈರ್ಯವಾಗಿತ್ತು. ಆದರೆ 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪುಗಳನ್ನೆಲ್ಲ ತಳ್ಳಿಹಾಕಿತು; ಭಿನ್ನಮತ ದಾಖಲಿಸಿದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ.

1977ರ ಮಾರ್ಚ್‌ನಲ್ಲಿ ಎರಡೂ ಘೋಷಣೆಗಳು ರದ್ದಾದವು. 1978ರ 44ನೇ ತಿದ್ದುಪಡಿಯು ಆಂತರಿಕ ಕ್ಷೋಭೆಯನ್ನು ತೆಗೆದು ಸಶಸ್ತ್ರ ದಂಗೆಯನ್ನು ಸೇರಿಸಿತು, ಸಂಪುಟದ ಲಿಖಿತ ಸಲಹೆಯನ್ನು ಕಡ್ಡಾಯಗೊಳಿಸಿತು, ಒಂದು ತಿಂಗಳೊಳಗೆ ವಿಶೇಷ ಬಹುಮತದ ಒಪ್ಪಿಗೆಯನ್ನೂ ಆರಾರು ತಿಂಗಳಿಗೊಮ್ಮೆ ಅದರ ನವೀಕರಣವನ್ನೂ ವಿಧಿಸಿತು. ಎಲ್ಲಕ್ಕಿಂತ ಮಿಗಿಲಾಗಿ, ಜೀವ ಹಾಗೂ ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿಯನ್ನು 359ನೇ ವಿಧಿಯ ಆದೇಶ ಮುಟ್ಟದಂತೆ ಮಾಡಿತು. ಆ ಬಳಿಕ 352ನೇ ವಿಧಿಯ ಬಳಕೆಯಾಗಿಲ್ಲ; 1999ರ ಕಾರ್ಗಿಲ್ ಯುದ್ಧವನ್ನು ಕೂಡ ಅದಿಲ್ಲದೆಯೇ ಗೆಲ್ಲಲಾಯಿತು. 1976ರ ತೀರ್ಪು ಮಾತ್ರ ಉಳಿದೇ ಇತ್ತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ಅನೂರ್ಜಿತಗೊಳಿಸಿತು.