ಕೋಸ್ಟರೀಕಕ್ಕೆ ಹೊರಟ ಹೆಣ್ಣುಮಕ್ಕಳು: ಮನೆಯವರು ತಿಳಿದಿರಬೇಕಾದ ಸಂಗತಿಗಳು

ಕಳೆದ ತಿಂಗಳ ಆಡಳಿತ ಮಂಡಳಿ ಸಭೆ ಮುಗಿದ ಮೇಲೆ ಸದಸ್ಯರೊಬ್ಬರು ಕಚೇರಿಯಲ್ಲೇ ಉಳಿದುಕೊಂಡರು. ಮಗಳು ಕೃಷಿ ಪದವಿ ಮುಗಿಸಿದ್ದಾಳೆ, ಹೆಚ್ಚಿನ ವ್ಯಾಸಂಗಕ್ಕೆ ಮಧ್ಯ ಅಮೆರಿಕದ ಕೋಸ್ಟರೀಕಕ್ಕೆ ಅರ್ಜಿ ಹಾಕುತ್ತೇನೆ ಎನ್ನುತ್ತಾಳೆ. "ಅಲ್ಲಿ ಕೊಲೆ, ಸುಲಿಗೆ ಜಾಸ್ತಿಯಂತೆ. ಒಂಟಿ ಹೆಣ್ಣುಮಗಳನ್ನು ಕಳಿಸಬಹುದಾ ಸಾರ್?" ಎಂದು ಕೇಳಿದರು. ಹೌದು ಅಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಯುವ ಪ್ರಶ್ನೆ ಇದಲ್ಲ. ಬೇರೆ ಸದಸ್ಯರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಕೋಸ್ಟರೀಕ ನಮ್ಮಂತೆಯೇ ಕಾಫಿಯ ನಾಡು. ಅಲ್ಲಿನ ಟುರ್ರಿಯಾಲ್ಬಾದ 'ಕಾತಿಯೆ' ಕೃಷಿ ಸಂಶೋಧನಾ ಕೇಂದ್ರದ ಕಾಫಿ ತಳಿ ಸಂಗ್ರಹ ಜಗತ್ಪ್ರಸಿದ್ಧ. ರಾಜಧಾನಿ ಸಾನ್ ಹೋಸೆಯ ಪಶ್ಚಿಮಕ್ಕೆ, ಸಿಯುದಾದ್ ಕೊಲೋನ್ ಬಳಿ, 1980ರಲ್ಲಿ ವಿಶ್ವಸಂಸ್ಥೆ ಸ್ಥಾಪಿಸಿದ ಶಾಂತಿ ವಿಶ್ವವಿದ್ಯಾಲಯವಿದೆ. ಆದುದರಿಂದ ನಮ್ಮ ಮಕ್ಕಳು ಆ ಕಡೆ ನೋಡುವುದರಲ್ಲಿ ಆಶ್ಚರ್ಯವಿಲ್ಲ. 1948ರಲ್ಲೇ ಸೈನ್ಯವನ್ನು ರದ್ದುಮಾಡಿದ ಈ ದೇಶ ನೆರೆಯ ರಾಷ್ಟ್ರಗಳಿಗಿಂತ ಶಾಂತವಾದುದೆಂದು ಬಹುಕಾಲ ಹೆಸರು ಪಡೆದಿತ್ತು. ಈಚಿನ ವರ್ಷಗಳಲ್ಲಿ ಆ ಹೆಸರು ಮಸುಕಾಗಿದೆ ಎಂಬುದನ್ನು ಮುಚ್ಚಿಡಬಾರದು. ಸುಮಾರು 50 ಲಕ್ಷ ಜನರಿರುವ ಆ ನಾಡಿನಲ್ಲಿ 2023ರಲ್ಲಿ 900ಕ್ಕೂ ಮಿಕ್ಕಿ ಕೊಲೆಗಳಾದವು. ಹೆಚ್ಚಿನವು ಮಾದಕ ವಸ್ತುಗಳ ಕಳ್ಳಸಾಗಣೆಯ ಗುಂಪುಗಳ ಜಗಳಕ್ಕೆ ಸಂಬಂಧಿಸಿದವು. ಕೆರೀಬಿಯನ್ ಕರಾವಳಿಯ ಲಿಮೋನ್ ಬಂದರು ಪ್ರದೇಶದಲ್ಲಿ ಮತ್ತು ರಾಜಧಾನಿಯ ಕೆಲವು ಬಡಾವಣೆಗಳಲ್ಲಿ ಇವುಗಳ ಹಾವಳಿ ಹೆಚ್ಚು. ಓದಲು ಹೋದ ಹುಡುಗಿಗೆ ಆ ಜಗಳದ ಗೊಡವೆ ಬರುವುದು ಅಪರೂಪ. ಅವಳು ಅಂಜಬೇಕಾದದ್ದು ಬೇರೆಯೇ ಇದೆ.

2018ನ್ನು ನೋಡಿ. ಆ ವರ್ಷದ ಆಗಸ್ಟ್ ಮೊದಲ ವಾರದಲ್ಲಿ ಇಬ್ಬರು ವಿದೇಶೀ ಮಹಿಳೆಯರು ಕೊಲೆಯಾದರು. ಒಬ್ಬರು ಟೋರ್ತುಗೆರೊದಲ್ಲಿ ಹೋಟೆಲಿನ ಸಮೀಪದ ಕಾಲುದಾರಿಯಲ್ಲಿ ಓಡಲು ಹೋಗಿದ್ದವರು. ಇನ್ನೊಬ್ಬರು ಸಾಂತಾ ತೆರೇಸಾ ಕಡಲತೀರದಲ್ಲಿ ರಾತ್ರಿ ಗೆಳತಿಯೊಡನೆ ಇದ್ದವರು. ನವೆಂಬರಿನಲ್ಲಿ ರಾಜಧಾನಿಯ ಪಕ್ಕದ ಎಸ್ಕಾಸೂ ಎಂಬಲ್ಲಿ ಮೂರನೆಯವರು, ಅದೂ ಊರಿಗೆ ಮರಳುವ ವಿಮಾನ ಹತ್ತುವುದಕ್ಕೆ ಮುಂಚಿನ ರಾತ್ರಿ. ಆ ವಸತಿಯ ಕಾವಲುಗಾರನೇ ಅಪರಾಧಿಯೆಂದು ನ್ಯಾಯಾಲಯ ತೀರ್ಮಾನಿಸಿತು. ಮೊದಲಿನ ಎರಡು ಪ್ರಕರಣಗಳನ್ನು ಓದಿ "ಒಂಟಿಯಾಗಿ ತಿರುಗಬಾರದು" ಎನ್ನುವವರು ಮೂರನೆಯದನ್ನೂ ಓದಬೇಕು. ಆಕೆ ಎಲ್ಲಿಯೂ ತಿರುಗುತ್ತಿರಲಿಲ್ಲ, ಬಾಡಿಗೆ ಕೋಣೆಯಲ್ಲಿದ್ದರು. ಆದ್ದರಿಂದ ಕೋಣೆ ಹಿಡಿಯುವಾಗ ಒಳಗಿನ ಚಿಲಕ ಗಟ್ಟಿಯಿದೆಯೇ, ಇನ್ನೊಂದು ಬೀಗದ ಕೈ ಯಾರ ಬಳಿ ಇದೆ ಎಂದು ಕೇಳುವುದು ಸಂಕೋಚದ ವಿಷಯವಲ್ಲ. ಮೊದಲ ಕೆಲವು ತಿಂಗಳು ವಿದ್ಯಾಸಂಸ್ಥೆಯ ವಸತಿಗೃಹದಲ್ಲಿ, ಇಲ್ಲವೇ ಸಂಸ್ಥೆಯವರು ಬಲ್ಲ ಕುಟುಂಬದ ಮನೆಯಲ್ಲಿ ಇರುವುದು ಲೇಸು.

ಅಲ್ಲಿ ವರ್ಷವಿಡೀ ಸಂಜೆ ಆರರ ಸುಮಾರಿಗೆ ಕತ್ತಲಾಗುತ್ತದೆ. ಆಗ ನಮ್ಮಲ್ಲಿ ಮರುದಿನ ಬೆಳಗಿನ ಐದೂವರೆ. ಮಗಳು ಕೋಣೆ ಸೇರಿದಳೇ ಎಂದು ವಿಚಾರಿಸಲು ಕಾಫಿ ಕುಡಿಯುವ ಹೊತ್ತೇ ಸರಿಯಾಗುತ್ತದೆ. ಪರವಾನಗಿ ಪಡೆದ ಟ್ಯಾಕ್ಸಿಗಳು ಕೆಂಪು ಬಣ್ಣದವು, ಬಾಗಿಲ ಮೇಲೆ ಹಳದಿ ತ್ರಿಕೋನವಿರುತ್ತದೆ. ವಿಮಾನ ನಿಲ್ದಾಣದವು ಕಿತ್ತಳೆ ಬಣ್ಣದವು. ಮೀಟರನ್ನು ಅಲ್ಲಿನವರು 'ಮರೀಯಾ' ಎಂದು ಕರೆಯುತ್ತಾರೆ. ಮರೀಯಾ ಹಾಕದ ಗಾಡಿಯನ್ನೂ, ಗುರುತಿಲ್ಲದ ಗಾಡಿಯನ್ನೂ ಹತ್ತಬಾರದು. ಸಾನ್ ಹೋಸೆಯಲ್ಲಿ 'ಕೋಕಾ-ಕೋಲಾ' ಎಂದೇ ಹೆಸರಾದ ಬಸ್ ನಿಲ್ದಾಣದ ಸುತ್ತ ಜೇಬುಗಳ್ಳರು ಹೆಚ್ಚು; ಕತ್ತಲಾದ ಮೇಲೆ ಅಲ್ಲಿ ಇಳಿಯುವ ಹಾಗೆ ಪ್ರಯಾಣ ಹಾಕಿಕೊಳ್ಳಬಾರದು. ಬಸ್ಸಿನಲ್ಲಿ ಪಾಸ್‌ಪೋರ್ಟ್ ಇರುವ ಚೀಲ ತೊಡೆಯ ಮೇಲಿರಲಿ, ಮೇಲಿನ ಅಟ್ಟದಲ್ಲಿ ಬೇಡ.

ವಿಳಾಸದ ಸಂಗತಿ ನಮ್ಮವರಿಗೆ ಹೊಸದಲ್ಲ. ಅಲ್ಲಿ ಮನೆ ನಂಬರು, ಬೀದಿ ಹೆಸರು ಹೇಳುವವರು ಕಡಿಮೆ. "ಚರ್ಚಿನಿಂದ 200 ಮೀಟರ್ ದಕ್ಷಿಣಕ್ಕೆ, 50 ಮೀಟರ್ ಪೂರ್ವಕ್ಕೆ" ಎನ್ನುತ್ತಾರೆ. 100 ಮೀಟರ್ ಎಂದರೆ ಒಂದು ಅಡ್ಡರಸ್ತೆಯಿಂದ ಇನ್ನೊಂದಕ್ಕೆ ಇರುವ ದೂರ. ಮಾರಿಗುಡಿಯಿಂದ ಎರಡು ಫರ್ಲಾಂಗು ಎನ್ನುವ ನಮ್ಮ ಹಳೆಯ ಪದ್ಧತಿಯೇ ಸರಿ. ಆದರೆ ದಾರಿ ಕೇಳುತ್ತಾ ನಿಂತ ಹುಡುಗಿ ಹೊಸಬಳೆಂದು ಎಲ್ಲರಿಗೂ ಗೊತ್ತಾಗುತ್ತದೆ. ಹೋಗುವ ಮೊದಲೇ ಸ್ಪ್ಯಾನಿಷ್ ಕಲಿಯಬೇಕೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಬರಿಯ ಇಂಗ್ಲಿಷಿನಿಂದ ಟುರ್ರಿಯಾಲ್ಬಾದ ಪೇಟೆಯಲ್ಲಿ ಹೆಚ್ಚು ದೂರ ಹೋಗಲಾಗದು.

ಬೀದಿಯಲ್ಲಿ ಹೆಣ್ಣುಮಕ್ಕಳನ್ನು ಕಂಡು ಮಾತು ಎಸೆಯುವ ಚಾಳಿ ಅಲ್ಲಿಯೂ ಇದೆ. 'ಪಿರೋಪೊ' ಎಂಬ ಮುದ್ದಿನ ಹೆಸರು ಬೇರೆ. ಇದನ್ನು ಶಿಕ್ಷಾರ್ಹ ಮಾಡುವ ಕಾನೂನು 2020ರಲ್ಲಿ ಬಂತು. ಹೆಂಡತಿಯನ್ನು ಕೊಂದವನಿಗೆ 20ರಿಂದ 35 ವರ್ಷ ಸೆರೆವಾಸ ವಿಧಿಸುವ ಕಾನೂನು 2007ರದು. 2021ರಲ್ಲಿ ಅದನ್ನು ಇನ್ನಷ್ಟು ಬಗೆಯ ಸಂಬಂಧಗಳಿಗೂ ವಿಸ್ತರಿಸಿದರು. ಆ ದೇಶದಲ್ಲೂ ಹೆಂಗಸರಿಗೆ ಅಪಾಯ ಹೆಚ್ಚಾಗಿ ಬರುವುದು ಪರಿಚಯದ ಗಂಡಸರಿಂದಲೇ ಎಂಬುದನ್ನು ಈ ತಿದ್ದುಪಡಿ ಒಪ್ಪಿಕೊಂಡಂತಾಯಿತು. ಮಹಿಳೆಯರಿಗಾಗಿ 1998ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಸ್ಥೆಯ ಹೆಸರು ಇನಾಮು. ಹೆಸರು ಕೇಳಿ ಇನಾಮು ಹಂಚುವ ಇಲಾಖೆ ಎಂದುಕೊಳ್ಳಬೇಡಿ, ಹಿಂಸೆಗೆ ಸಿಕ್ಕಿದ ಹೆಂಗಸರಿಗೆ ಸಲಹೆ, ಆಶ್ರಯ ಕೊಡುವುದು ಅದರ ಕೆಲಸ.

ಬೆಳೆಗಾರರಾದ ನಾವು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಅಲ್ಲಿನ ಕಾಫಿ ಕುಯ್ಲಿಗೆ ಪನಾಮದಿಂದ ಗ್ನಾಬೆ ಬುಡಕಟ್ಟಿನ ಕುಟುಂಬಗಳು ಹೆಂಗಸರು ಮಕ್ಕಳ ಸಮೇತ ಬರುತ್ತವೆ. ತಾಯಂದಿರು ಹಣ್ಣು ಬಿಡಿಸುವಾಗ ಮಕ್ಕಳನ್ನು ನೋಡಿಕೊಳ್ಳಲು 'ಕಾಸಾಸ್ ದೆ ಲಾ ಅಲೆಗ್ರೀಯಾ', ಅಂದರೆ ನಲಿವಿನ ಮನೆಗಳು, 2010ರ ದಶಕದಲ್ಲಿ ಆರಂಭವಾದವು. ಸರ್ಕಾರ, ಯುನಿಸೆಫ್, ಕಾಫಿ ಸಂಸ್ಥೆ ಮತ್ತು ಬೆಳೆಗಾರರು ಇದರಲ್ಲಿ ಕೈಗೂಡಿಸಿದ್ದಾರೆ. ದೂರದ ಗುಡ್ಡಗಾಡಿನ ಬಿಯೋಲೆಯಲ್ಲಿ 1997ರಲ್ಲಿ ಸಂಘ ಕಟ್ಟಿಕೊಂಡ ಹೆಂಗಸರು ತಾವೇ ಕಾಫಿ ಹುರಿದು ಮಾರುವುದಲ್ಲದೆ ಪ್ರವಾಸಿಗರಿಗೆ ವಸತಿಯನ್ನೂ ನಡೆಸಿದರು. ನಮ್ಮ ಲೈನ್ ಮನೆಗಳಿಗೂ ಈಗ ಅಸ್ಸಾಂ, ಜಾರ್ಖಂಡಿನ ಹೆಂಗಸರು ಬರುತ್ತಿದ್ದಾರೆ. ಭಾಷೆ ಬಾರದ ಊರಿನಲ್ಲಿ ದೀಪ, ಚಿಲಕ, ಕಕ್ಕಸು, ದೂರು ಹೇಳಲು ಒಬ್ಬರು, ಇವಿಷ್ಟು ಅವರಿಗೂ ಬೇಕಾದದ್ದೇ. ಈ ವಿಷಯವನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಪ್ರಸ್ತಾಪಿಸುವವನಿದ್ದೇನೆ.

ಹೊರಡುವವರಿಗೆ ಕೊನೆಯದಾಗಿ ಕಾಗದಪತ್ರದ ಮಾತು. ಕೋಸ್ಟರೀಕವನ್ನು ನೋಡಿಕೊಳ್ಳುವುದು ಪನಾಮದಲ್ಲಿರುವ ಭಾರತದ ರಾಯಭಾರ ಕಚೇರಿ. ತಲುಪಿದ ಕೂಡಲೇ ಅಲ್ಲಿ ಹೆಸರು, ವಿಳಾಸ ತಿಳಿಸಿಡಬೇಕು. ಪಾಸ್‌ಪೋರ್ಟಿನ ಒಂದು ನಕಲು ಊರಿನ ಮನೆಯಲ್ಲಿರಲಿ. ತುರ್ತು ಸಹಾಯಕ್ಕೆ ದೇಶದೆಲ್ಲೆಡೆ 911. ಅಪರಾಧ ನಡೆದರೆ ಬೀದಿಯ ಪೊಲೀಸರಿಗೆ ಹೇಳಿದಷ್ಟಕ್ಕೆ ಮುಗಿಯದು, 'ಓ.ಐ.ಜೆ.' ಎಂಬ ನ್ಯಾಯಾಂಗ ತನಿಖಾ ಸಂಸ್ಥೆಯಲ್ಲಿ ದೂರು ದಾಖಲಿಸಿ ಅದರ ಪ್ರತಿಯನ್ನು ಕೇಳಿ ಪಡೆಯಬೇಕು.