ಚೀಟಿಗೆ ಒಪ್ಪಿಸಿದ ಕ್ರಿಯಾಪದ

ಯಾರು ಯಾವ ಗುಂಪಿಗೆ ಸೇರತಕ್ಕದ್ದೆಂಬುದನ್ನು ಮನುಷ್ಯನ ಇಚ್ಛೆಗೆ ಬಿಡದೆ ಯದೃಚ್ಛೆಗೆ ಒಪ್ಪಿಸುವುದಕ್ಕೆ ಇಂಗ್ಲಿಷಿನಲ್ಲಿ ‘ರ‍್ಯಾಂಡಮೈಜ್’ ಎಂಬ ಕ್ರಿಯಾಪದವುಂಟು. ವೈದ್ಯಕೀಯ ಪ್ರಬಂಧಗಳನ್ನು ಆ ಭಾಷೆಯಲ್ಲಿ ಬರೆಯಹೊರಟ ಚೀನೀ ವಿದ್ಯಾರ್ಥಿಗಳಿಗೆ ಇದು ಸುಲಭವೆಂದೇ ತೋರುತ್ತದೆ. ಅವರ ನುಡಿಯಲ್ಲಿ ‘ಸ್ವೇಜಿಹ್ವಾ’ ಎಂಬ ಸಮಾನಪದ ಸಿದ್ಧವಾಗಿಯೇ ಇದೆ. ‘ಸ್ವೇ’ ಎಂದರೆ ಅನುಸರಿಸು, ‘ಜಿ’ ಎಂದರೆ ಒದಗಿಬಂದ ಸಂಧಿ, ‘ಹ್ವಾ’ ಎಂಬುದು ನಮ್ಮ ‘ಈಕರಣ’ಕ್ಕೆ ಸಮೀಪವಾದ ಪ್ರತ್ಯಯ.

ಮೊದಲ ತೊಡಕು ವ್ಯಾಕರಣದ್ದು. ‘ರೋಗಿಗಳು, ಯದೃಚ್ಛೆಯಾಗಿ, ಎರಡು ಗುಂಪು’ ಎಂಬ ಧಾಟಿಯಲ್ಲಿ ಕರ್ತೃವನ್ನೂ ಕರ್ಮಣಿಯ ಗುರುತನ್ನೂ ಬಿಟ್ಟು ಹೇಳಿದರೂ ಚೀನೀ ವಾಕ್ಯ ಪೂರ್ಣವಾಗುತ್ತದೆ. ಆ ಅಭ್ಯಾಸದವರು ಇಂಗ್ಲಿಷಿನಲ್ಲಿ ‘ವರ್’ ಎಂಬ ಸಹಾಯಕ ಪದವನ್ನು ಮರೆತರೆ, ರೋಗಿಗಳೇ ಕುಳಿತು ಚೀಟಿ ಎತ್ತಿದರೆಂಬ ವಿನೋದಾರ್ಥ ಹುಟ್ಟುತ್ತದೆ. ‘ವರ್ ರ‍್ಯಾಂಡಮೈಜ್ಡ್’ ಎಂದ ಮೇಲೆ ಚಿಕಿತ್ಸೆಯ ಹೆಸರಿನ ಹಿಂದೆ ‘ಟು’, ಗುಂಪುಗಳ ಹಿಂದೆ ‘ಇಂಟು’ ಬರುವುದು ರೂಢಿ.

ಎರಡನೆಯ ತೊಡಕು ಸೂಕ್ಷ್ಮತರವಾದುದು. ಅದೇ ‘ಸ್ವೇ’ಯಿಂದ ‘ಸ್ವೇಬ್ಯೆನ್’ ಎಂಬ ನಿತ್ಯಬಳಕೆಯ ಮಾತೂ ಹುಟ್ಟಿದೆ. ‘ನಿಮ್ಮ ಅನುಕೂಲದಂತೆ’, ‘ಹೇಗಾದರೂ ಆಗಲಿ’ ಎಂದು ಅದರ ತಾತ್ಪರ್ಯ. ಅನುಕೂಲವನ್ನು ಅನುಸರಿಸುವುದು ಬೇರೆ, ಯದೃಚ್ಛೆಯನ್ನು ಅನುಸರಿಸುವುದು ಬೇರೆ. ಬಂದ ಸರದಿಯಂತೆ ಒಬ್ಬರನ್ನು ಇತ್ತ, ಮತ್ತೊಬ್ಬರನ್ನು ಅತ್ತ ಕಳುಹಿಸಿದ ವೈದ್ಯನು ಪಕ್ಷಪಾತಿಯಲ್ಲದಿರಬಹುದು. ಆದರೆ ಮುಂದಿನ ರೋಗಿ ಎಲ್ಲಿಗೆ ಹೋಗುವನೆಂಬುದು ಅವನಿಗೆ ಮೊದಲೇ ತಿಳಿದಿರುವುದರಿಂದ ಈ ಕ್ರಿಯಾಪದ ಅಲ್ಲಿ ಸಲ್ಲದು. ಇಂಗ್ಲಿಷಿನ ತರುಣರೂ ಇಂದು ‘ರ‍್ಯಾಂಡಮ್’ ಎಂದು ಕಂಡಕಂಡದ್ದಕ್ಕೆಲ್ಲ ಅನ್ನುತ್ತಿರುವಾಗ, ಪರಭಾಷಿಕರನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ.

ಪದದ ನಿಷ್ಠುರಾರ್ಥವನ್ನು ತಿಳಿಯಬಯಸುವವರು 1948ರಲ್ಲಿ ಪ್ರಕಟವಾದ, ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಯೋಜಿಸಿದ, ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಬ್ರಿಟಿಷ್ ಪ್ರಯೋಗವನ್ನು ನೆನೆಯಬೇಕು. ಯದೃಚ್ಛಾಸಂಖ್ಯೆಗಳ ಆಧಾರದಿಂದ ಸಿದ್ಧಪಡಿಸಿದ ಮುಚ್ಚಿದ ಲಕೋಟೆಗಳ ಮೇಲೆ ಆಸ್ಪತ್ರೆಯ ಹೆಸರು, ಒಂದು ಸಂಖ್ಯೆ, ಇಷ್ಟೇ ಇದ್ದವು. ರೋಗಿಯನ್ನು ಪ್ರಯೋಗಕ್ಕೆ ಅಂಗೀಕರಿಸಿದ ಮೇಲಷ್ಟೇ ಲಕೋಟೆಯನ್ನು ಒಡೆದು, ಒಳಗಿನ ಕಾರ್ಡು ಹೇಳಿದಂತೆ ನಡೆಯುತ್ತಿದ್ದರು. ಹಾಗೆ 107 ಜನರಲ್ಲಿ 55 ಮಂದಿಗೆ ಔಷಧಿಯೂ ಹಾಸಿಗೆಯ ವಿಶ್ರಾಂತಿಯೂ, 52 ಮಂದಿಗೆ ವಿಶ್ರಾಂತಿ ಮಾತ್ರವೂ ಬಂದಿತು.