ಹಳೆಯ ಮೋಟಾರು, ಹೊತ್ತಿನ ಲೆಕ್ಕ

ಹಳೆಯ ಮೋಟಾರು ಕೊಳ್ಳುವುದೆಂದರೆ ಆನೆಯನ್ನು ಮನೆಗೆ ಕರೆತಂದಂತೆ ಎಂಬುದು ನಮ್ಮ ಕಛೇರಿಯ ಹಿರಿಯ ಗುಮಾಸ್ತರೊಬ್ಬರ ಅಭಿಪ್ರಾಯ. ತಂದ ದಿನ ಕೇರಿಯವರೆಲ್ಲ ಬಂದು ನೋಡಿ ಸಂತೋಷಪಡುತ್ತಾರೆ. ಮೇವಿನ ಖರ್ಚು ಮಾತ್ರ ತಂದವನ ಪಾಲಿಗೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ಆದರೂ ರಾಮದಾಸಪೇಠದ ಒಂದೇ ಕಟ್ಟಡದಲ್ಲಿ ವಾಸವಾಗಿರುವ ನಾವು ಎರಡು ಕನ್ನಡ ಸಂಸಾರದವರು ಕೂಡಿ ಹಳೆಯದೊಂದು ಮಾರುತಿ 800 ಕಾರನ್ನು ಕೊಂಡೆವು. ಕೊಂಡದ್ದು ಸೀತಾಬರ್ಡಿಯ ಪೇಟೆಗೆ ಹೋಗಿಬರುವುದಕ್ಕಲ್ಲ. ಅದಕ್ಕೆ ಸ್ಕೂಟರು ಸಾಕು. ರ್ಯಾಲಿಯಲ್ಲಿ ಓಡಿಸಬೇಕೆಂದು ಕೊಂಡೆವು. ಸಂಬಳದ ದಿನ ಎಣಿಸಿ ಬಾಳುವ ಸಂಸಾರಗಳಿಗೆ ಇದೆಂತಹ ಹುಚ್ಚು ಎಂದು ವಾಚಕರು ಕೇಳಬಹುದು. ಆ ಹುಚ್ಚಿನ ವಿಧಾನವನ್ನೂ ಲೆಕ್ಕವನ್ನೂ ಇಲ್ಲಿ ನಿವೇದಿಸುತ್ತೇವೆ.

ರ್ಯಾಲಿ ಎಂದರೇನು?

ರ್ಯಾಲಿ ಎಂದೊಡನೆ ಧೂಳೆಬ್ಬಿಸಿ ಹಾರುವ ಕಾರುಗಳ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಅದು ಒಂದು ಬಗೆ. ಅಲ್ಲಿ ದಾರಿಯನ್ನು ಮುಚ್ಚಿಸಿ ಓಡಿಸುತ್ತಾರೆ. ಕಾರಿನೊಳಗೆ ಉಕ್ಕಿನ ಪಂಜರ ಬೇಕು, ತಲೆಗೆ ಹೆಲ್ಮೆಟ್ ಬೇಕು, ಸ್ಪರ್ಧೆಯ ಪರವಾನಗಿ ಬೇಕು. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್ಯಾಲಿ ಈ ಜಾತಿಯದು. ಈ ಆಟದಲ್ಲಿ ಪಕ್ಕದಲ್ಲಿ ಕುಳಿತು ದಾರಿ ಹೇಳುವವರಿಗೂ ಚಾಲಕನಷ್ಟೇ ಮರ್ಯಾದೆ. ಕಾಸರಗೋಡಿನ ಮೂಸಾ ಶರೀಫ್ ಅವರು ಹಾಗೆ ದಾರಿ ಹೇಳಿಯೇ ರಾಷ್ಟ್ರೀಯ ಪಟ್ಟವನ್ನು ಹಲವು ಸಲ ಗೆದ್ದವರು.

ನಮ್ಮಂತಹವರಿಗೆ ಒದಗುವುದು ಎರಡನೆಯ ಬಗೆ, ಕಾಲ-ವೇಗ-ದೂರದ ರ್ಯಾಲಿ. ಇದು ನಡೆಯುವುದು ಎಲ್ಲರೂ ಓಡಾಡುವ ರಸ್ತೆಯಲ್ಲೇ, ಸರ್ಕಾರ ವಿಧಿಸಿದ ವೇಗದ ಮಿತಿಯೊಳಗೇ. ಹೊರಡುವಾಗ ಕೈಗೆ ಒಂದು ದಾರಿಪುಸ್ತಕ ಕೊಡುತ್ತಾರೆ. ಪ್ರತಿ ತಿರುವಿಗೂ ಒಂದು ಪುಟ್ಟ ಚಿತ್ರ. ಅದರ ಬದಿಗೆ ಅಲ್ಲಿಗೆ ಎಷ್ಟು ದೂರವೆಂಬ ಅಂಕಿ. ಇಷ್ಟು ಕಿಲೋಮೀಟರು ಈ ಸರಾಸರಿ ವೇಗದಲ್ಲಿ ಬನ್ನಿ ಎಂಬುದು ಅಪ್ಪಣೆ. ನಡುನಡುವೆ ಎಲ್ಲಿ ಇರುವುದೆಂದು ಮೊದಲೇ ತಿಳಿಯದ ಠಾಣೆಗಳಲ್ಲಿ ಗಡಿಯಾರ ಹಿಡಿದವರು ಕುಳಿತಿರುತ್ತಾರೆ. ತಡವಾಗಿ ಬಂದರೆ ದಂಡ. ಮುಂಚಿತವಾಗಿ ಬಂದರೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ದಂಡ! ಓಡಿದವನು ಗೆಲ್ಲುವುದಿಲ್ಲ, ಹೊತ್ತಿಗೆ ಸರಿಯಾಗಿ ಬಂದವನು ಗೆಲ್ಲುತ್ತಾನೆ. ಹಾಜರಿ ಪುಸ್ತಕಕ್ಕೆ ಒಗ್ಗಿದ ಗುಮಾಸ್ತರಿಗೆ ಇದಕ್ಕಿಂತ ತಕ್ಕ ಆಟ ಯಾವುದುಂಟು?

ಲೆಕ್ಕ ಕಠಿಣವಲ್ಲ. ಗಂಟೆಗೆ 36 ಕಿಲೋಮೀಟರು ಎಂದರೆ ನಿಮಿಷಕ್ಕೆ 600 ಮೀಟರು. 45 ಎಂದರೆ ನಿಮಿಷಕ್ಕೆ 750 ಮೀಟರು. 36ರ ವೇಗದಲ್ಲಿ ಹೋಗುವಾಗ ದನದ ಮಂದೆಯೊಂದು ಅಡ್ಡ ಬಂದು ಎರಡು ನಿಮಿಷ ನಿಲ್ಲಬೇಕಾಯಿತೆನ್ನಿ, 1200 ಮೀಟರು ಸಾಲ ಬಿದ್ದಂತಾಯಿತು. ಅದನ್ನು ಸ್ವಲ್ಪಸ್ವಲ್ಪವಾಗಿ, ಅವಸರವಿಲ್ಲದೆ ತೀರಿಸಬೇಕು.

ದೂರದ ಓಟಗಳಲ್ಲೂ ಕೊನೆಗೆ ನಿಲ್ಲುವುದು ಈ ತಾಳ್ಮೆಯೇ. 1968ರ ನವೆಂಬರ್ 24ರಂದು ಲಂಡನ್ನಿನಿಂದ 98 ಕಾರುಗಳು ಸಿಡ್ನಿಗೆ ಹೊರಟವು. ಇರಾನ್, ಆಫ್ಘಾನಿಸ್ತಾನಗಳನ್ನು ದಾಟಿ, ದಿಲ್ಲಿಯ ಮೇಲೆ ಮುಂಬಯಿಗೆ ಬಂದು, ಅಲ್ಲಿಂದ ಹಡಗೇರಿ ಆಸ್ಟ್ರೇಲಿಯವನ್ನು ಮುಟ್ಟಿದವು. ಕೊನೆಯ ದಿನ ಎಲ್ಲರಿಗಿಂತ ಮುಂದಿದ್ದ ಸಿಟ್ರೊಯೆನ್ ಕಾರು ಎದುರಿನಿಂದ ಬಂದ ಕಾರಿಗೆ ಢಿಕ್ಕಿಯಾಗಿ ನಿಂತುಹೋಯಿತು. ಗೆಲುವು ಸಂದುದು ಆಂಡ್ರೂ ಕೌವನ್ ಎಂಬವರ ಹಿಲ್‌ಮನ್ ಹಂಟರಿಗೆ. ಅದು ಮಡದಿ ಮಕ್ಕಳೊಡನೆ ಭಾನುವಾರ ತಿರುಗಾಡಲು ಹೋಗುವಂತಹ ಸಾಧಾರಣ ಗಾಡಿ. ಗುರಿ ಮುಟ್ಟಿದವು ಒಟ್ಟು 56.

ಯಾವ ಗಾಡಿ?

ಹಳೆಯ ಕಾರೆಂದೊಡನೆ ನಮ್ಮವರ ಮನಸ್ಸು ಅಂಬಾಸಡರಿಗೂ ಪದ್ಮಿನಿಗೂ ಹೋಗುವುದು ಸಹಜ. ಪದ್ಮಿನಿಯ ಹಿಂದೆ ಕನ್ನಡ ನಾಡಿನ ಕಥೆಯೂ ಒಂದಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯುರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು, ನಮ್ಮಲ್ಲೂ ಅಂತಹುದೊಂದು ಆಗಬೇಕೆಂದು ಯೋಜನೆ ಬರೆದರು. ಉದ್ಯಮಿ ವಾಲಚಂದ ಹೀರಾಚಂದರು ಮುಂದೆ ಬಂದರು. ಬೆಂಗಳೂರಿನಲ್ಲಿ ಸ್ಥಾಪಿಸುವ ಮಾತೂ ನಡೆಯಿತು. ಅಂದಿನ ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯಲಿಲ್ಲ. ವಾಲಚಂದರು 1940ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸರ್ಕಾರದೊಡನೆ ಸೇರಿ ವಿಮಾನದ ಕಾರ್ಖಾನೆ ತೆರೆದರು. ಮೋಟಾರಿನ ಪ್ರೀಮಿಯರ್ ಸಂಸ್ಥೆ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಪದ್ಮಿನಿ ಅಲ್ಲಿಯ ಮಗಳು. ಬೆಂಗಳೂರಿಗೆ ರೆಕ್ಕೆ ಬಂತು, ಗಾಲಿ ಮುಂಬಯಿಗೆ ಹೋಯಿತು!

ಆದರೆ ಈಗ ಈ ಗಾಡಿಗಳನ್ನು ಪ್ರೀತಿಯಿಂದ ಕೂಡಿಡುವವರಿದ್ದಾರೆ. ಒಳ್ಳೆಯ ಸ್ಥಿತಿಯದು ಅಗ್ಗಕ್ಕೆ ಸಿಗುವುದಿಲ್ಲ, ಅಗ್ಗಕ್ಕೆ ಸಿಕ್ಕುದಕ್ಕೆ ಬಿಡಿಭಾಗ ಸಿಗುವುದಿಲ್ಲ. 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ಬೇರೆಯೇ ನೋಂದಣಿ ಮಾಡಿದೆ. ಅದರ ಶುಲ್ಕ 20,000 ರೂಪಾಯಿ. ಅವನ್ನು ಪ್ರದರ್ಶನ, ರ್ಯಾಲಿ ಮುಂತಾದ ಕೆಲಸಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮಾರುತಿ 800 ಹಾಗಲ್ಲ. 1983ರ ಡಿಸೆಂಬರಿನಿಂದ 2014ರ ವರೆಗೆ ತಯಾರಾದ ಈ ಮೂರು ಸಿಲಿಂಡರಿನ ಗಾಡಿಯನ್ನು ಬಿಚ್ಚಿ ಜೋಡಿಸಬಲ್ಲ ಮೇಸ್ತ್ರಿ ಪ್ರತಿ ಊರಿನಲ್ಲೂ ಇದ್ದಾನೆ.

ನಾವು ಕೊಂಡದ್ದು 2003ರದು. ಮಾಲೀಕರು ಕಾಲವಾದ ಮೇಲೆ ಎರಡು ಮಳೆಗಾಲ ಬೇವಿನ ಮರದಡಿ ನಿಂತಿತ್ತು. ನೋಡುವಾಗ ಬಣ್ಣಕ್ಕೆ ಮರುಳಾಗಬಾರದು. ಕಾಲಡಿಯ ಚಾಪೆ ಎತ್ತಿ ತಗಡನ್ನು ಬೆರಳಿನಿಂದ ಒತ್ತಬೇಕು. ತಣ್ಣಗಿರುವಾಗಲೇ ಎಂಜಿನ್ನನ್ನು ಹೊರಡಿಸಿ ಹೊಗೆಯ ಬಣ್ಣ ನೋಡಬೇಕು. ನೀಲಿ ಹೊಗೆ ಎಣ್ಣೆ ಸುಡುವುದರ ಗುರುತು. ರಿಪೇರಿಗೂ ಒಂದು ಕ್ರಮವುಂಟು: ಮೊದಲು ನಿಲ್ಲಿಸುವುದು, ಆಮೇಲೆ ತಿರುಗಿಸುವುದು, ಆಮೇಲೆ ತಣಿಸುವುದು, ಕಟ್ಟಕಡೆಗೆ ಓಡಿಸುವುದು. ಎಂದರೆ ಬ್ರೇಕು, ಸ್ಟೀರಿಂಗು, ರೇಡಿಯೇಟರು, ಎಂಜಿನ್ನು. ಮೇ ತಿಂಗಳಲ್ಲಿ 45 ಡಿಗ್ರಿ ಕಾಯುವ ನಾಗಪುರದಲ್ಲಿ ಮೂರನೆಯದನ್ನು ಮರೆತವನು ದಾರಿಯಲ್ಲೇ ಕೂರಬೇಕು.

ಜಮಾ-ಖರ್ಚು

ಗಾಡಿಗೆ 38,000 ರೂಪಾಯಿ. ನಾಲ್ಕು ಟಯರಿಗೆ 11,200, ರೇಡಿಯೇಟರು ಮತ್ತು ರಬ್ಬರು ಕೊಳವೆಗಳಿಗೆ 5,200, ಬ್ರೇಕಿಗೆ 4,600, ಬ್ಯಾಟರಿಗೆ 3,600, ತಗಡಿನ ಬೆಸುಗೆಗೆ 3,500, ಪೆಟ್ರೋಲ್ ಟ್ಯಾಂಕು ಶುದ್ಧಿಗೆ 2,900. ರಿಪೇರಿ 31,000, ಒಟ್ಟು 69,000, ಸಂಸಾರಕ್ಕೆ 34,500. ಕೊಂಡ ಬೆಲೆಯಷ್ಟೇ ಮೊತ್ತವನ್ನು ರಿಪೇರಿಗೆ ತೆಗೆದಿಡದೆ ಹಳೆಯ ಗಾಡಿಗೆ ಕೈ ಹಾಕಬಾರದು.

ಈ 34,500ರಲ್ಲಿ ನಮ್ಮ ಪಾಲಿನ ಬಹುಭಾಗ ಯುಗಾದಿಗೆ ಧಾರವಾಡಕ್ಕೆ ಹೋಗಿಬರಲು ಕೂಡಿಟ್ಟದ್ದು. ಅಲ್ಲಿ ಅತ್ತೆಯವರು ಮೊಮ್ಮಕ್ಕಳ ದಾರಿ ಕಾಯುತ್ತಿದ್ದರು. ಒಂದು ವಾರ ಮನೆಯಲ್ಲಿ ಮಾತು ಕಡಿಮೆಯಾಯಿತು. ಕೊನೆಗೆ ಮನೆಯವರು ಹೇಳಿದರು: “ನೋಡ್ರೀ, ಊರಿಗೆ ಹೋಗೂದು ಸೂಟಿಗೆ ಇಟ್ಕೊಳ್ಳೋಣು. ಆದ್ರ ರೊಕ್ಕದ ಲೆಕ್ಕಾ ಇಡಾಕಿ ನಾನು, ಹೊತ್ತಿನ ಲೆಕ್ಕಾನೂ ನಾನ ಇಡತೀನಿ.” ಹೀಗೆ ದಾರಿಪುಸ್ತಕ ಅವರ ಕೈಗೆ ಹೋಯಿತು. ಯಂತ್ರ ಬಲ್ಲ ನೆರೆಮನೆಯವರು ಚಾಲಕರಾದರು. ನಾವು ಹಿಂದಿನ ಸೀಟಿನಲ್ಲಿ ಎರಡು ಮನೆಯ ಎರಡು ಮಕ್ಕಳೊಡನೆ ಗಡಿಯಾರ ಹಿಡಿದವರಾದೆವು.

ಕಾಗದಪತ್ರ

ಇದು ನಮ್ಮ ಕಸುಬಿನ ಭಾಗವಾದ್ದರಿಂದ ತುಸು ಒತ್ತಿ ಹೇಳುತ್ತೇವೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಐದೈದು ವರ್ಷಕ್ಕೆ ನವೀಕರಣ. 20 ವರ್ಷ ಮೀರಿದ ಕಾರಿನ ನವೀಕರಣ ಶುಲ್ಕ 2025ರ ಆಗಸ್ಟಿನಲ್ಲಿ 10,000 ರೂಪಾಯಿಗೆ ಏರಿತು. ಅಗ್ಗದ ಗಾಡಿಗೆ ಇದು ಸಣ್ಣ ಮೊತ್ತವಲ್ಲ; ನವೀಕರಣ ಎಂದಿನವರೆಗೆ ಇದೆಯೆಂದು ನೋಡಿಯೇ ಬೆಲೆ ಮಾತಾಡಬೇಕು. ಹೆಸರು ಬದಲಾವಣೆಗೆ 29 ಮತ್ತು 30ನೆಯ ನಮೂನೆಗಳು. ಬೇರೆ ರಾಜ್ಯದ ಗಾಡಿಯಾದರೆ 28ನೆಯ ನಮೂನೆಯ ನಿರಾಕ್ಷೇಪಣ ಪತ್ರವೂ ಬೇಕು.

ವಿಮೆಯ ಕಾಗದದಲ್ಲಿ ಸಣ್ಣ ಅಕ್ಷರಗಳನ್ನು ಓದಿರಿ. ಪಂದ್ಯ, ವೇಗಪರೀಕ್ಷೆ, ಗಾಡಿಯ ಬಾಳಿಕೆಯ ಪರೀಕ್ಷೆ ಇವುಗಳಿಗೆ ಬಳಸಿದಾಗ ರಕ್ಷಣೆಯಿಲ್ಲವೆಂದು ಸಾಮಾನ್ಯ ಪಾಲಿಸಿಯಲ್ಲಿ ಬರೆದಿರುತ್ತದೆ. ರ್ಯಾಲಿಗೆಂದು ಹೆಚ್ಚಿನ ಒಪ್ಪಿಗೆಯನ್ನು ಸೇರಿಸುವ ಏರ್ಪಾಡುಂಟು. ಅದನ್ನು ಬರವಣಿಗೆಯಲ್ಲಿ ಪಡೆದ ಬಳಿಕವೇ ನಾವು ಹೊರಟೆವು. ಸಂಸಾರವಂದಿಗರಿಗೆ ಇದು ಬ್ರೇಕಿನಷ್ಟೇ ಮುಖ್ಯ.

ಕಾಟೋಲಿನ ದಾರಿಯಲ್ಲಿ

ನಾವು ಸೇರಿದ್ದು ಜನವರಿಯ ಚಳಿಯಲ್ಲಿ ನಡೆದ ಒಂದು ದಿನದ ಚಿಕ್ಕ ರ್ಯಾಲಿಗೆ. ಹಿಂದಿನ ಭಾನುವಾರ ಹೆದ್ದಾರಿಯ ಕಿಲೋಮೀಟರು ಕಲ್ಲುಗಳ ನಡುವೆ ಓಡಿಸಿ ನಮ್ಮ ಮೀಟರನ್ನು ಪರೀಕ್ಷಿಸಿದೆವು. ಹತ್ತು ಕಿಲೋಮೀಟರಿಗೆ ಅದು 10.2 ತೋರಿಸುತ್ತಿತ್ತು. ಈ ವ್ಯತ್ಯಾಸವನ್ನು ಪ್ರತಿ ಅಂಕಿಯಲ್ಲೂ ಕಳೆಯಬೇಕು. ಮನೆಯವರು ಹಿಂದಿನ ರಾತ್ರಿಯೇ ಅದರ ಕೋಷ್ಟಕ ಬರೆದಿಟ್ಟರು.

ಕಳಮೇಶ್ವರ ದಾಟಿ ಕಾಟೋಲಿನ ಕಡೆ ಹೋದಂತೆ ಎರಡೂ ಬದಿಗೆ ಕಿತ್ತಳೆಯ ತೋಟಗಳು. ಕಾರಿನೊಳಗೆ ಒಂದೇ ಭಾಷೆ ಇರಬೇಕೆಂದು ಮೊದಲೇ ಗೊತ್ತುಮಾಡಿದ್ದೆವು. ಎರಡು ಭಾಷೆಯಲ್ಲಿ ಅಂಕಿ ಕೂಗಿದರೆ ತಿರುವು ತಪ್ಪುತ್ತದೆ. ನಮ್ಮ ಮಕ್ಕಳು ಶಾಲೆಯಲ್ಲಿ ಹಿಂದಿ, ಆಟದಲ್ಲಿ ಮರಾಠಿ. ಕನ್ನಡದಲ್ಲಿ ಇಪ್ಪತ್ತು ದಾಟಿದರೆ ತಡವರಿಸುತ್ತಿದ್ದವರು. ಸಂಘದ ಕನ್ನಡ ತರಗತಿಯಲ್ಲೂ ಅದು ಹಿಡಿದಿರಲಿಲ್ಲ. ಅಂದು ಮಾತ್ರ “ನಾಲ್ವತ್ತೇಳು, ನಾಲ್ವತ್ತೆಂಟು” ಎಂದು ಸೆಕೆಂಡುಗಳನ್ನು ತಾವೇ ಕೂಗತೊಡಗಿದರು. ತಪ್ಪಿದರೆ ಗಾಡಿಗೆ ದಂಡವೆಂಬ ಭಯ, ಸರಿಹೋದರೆ ತಮ್ಮದೇ ಗೆಲುವೆಂಬ ಸಂಭ್ರಮ.

ನಾಲ್ಕು ಠಾಣೆಗಳಲ್ಲಿ ಮೂರಕ್ಕೆ ಹೊತ್ತಿಗೆ ಸರಿಯಾಗಿ ಬಂದೆವು. ನಾಲ್ಕನೆಯದಕ್ಕೆ ಮುನ್ನ ರೈಲ್ವೆ ಗೇಟು ಬಿದ್ದು ಆರು ನಿಮಿಷ ಹೋಯಿತು. ಬಹುಮಾನ ಬೇರೆಯವರಿಗೆ ಸಂದಿತು. ಗಾಡಿ ಎಲ್ಲೂ ಕೈಕೊಡಲಿಲ್ಲ. ಬೇಸಿಗೆಯ ಸೂಟಿಯಲ್ಲಿ ರೈಲಿನಲ್ಲಿ ಧಾರವಾಡಕ್ಕೆ ಹೋದಾಗ ಅತ್ತೆಯವರು ಮುನಿಸನ್ನು ಪೂರ್ತಿ ಬಿಟ್ಟಿರಲಿಲ್ಲ; ಮೊಮ್ಮಗ ನೂರರವರೆಗೆ ಕನ್ನಡದಲ್ಲಿ ಎಣಿಸಿ ತೋರಿಸಿದ ಮೇಲೆ ಒಂದು ಪೇಢೆ ನಮಗೂ ಸಿಕ್ಕಿತು.

ಇಂತಹ ಗಾಡಿ ಕೊಳ್ಳಬೇಕೆನ್ನುವ ವಾಚಕ ಬಂಧುಗಳು ಒಬ್ಬರೇ ಕೊಳ್ಳದೆ ಇಬ್ಬರು ಮೂವರು ಕೂಡಿ ಕೊಳ್ಳಲಿ. ಲೆಕ್ಕದ ಪುಸ್ತಕ ಮನೆಯಾಕೆಯ ಕೈಯಲ್ಲಿರಲಿ. ಬ್ರೇಕಿನಲ್ಲೂ ವಿಮೆಯಲ್ಲೂ ಉಳಿತಾಯ ಬೇಡ. ಹಿಂದಿನ ಸೀಟಿನಲ್ಲಿ ಮಕ್ಕಳಿಗೆ ಸ್ಥಳವಿರಲಿ.